ಕುರ್ಚಿಗೂ ಅಳತೆ ಬೇಕು

ನನ್ನ ಕುರ್ಚಿಗೆ ಕೆಳಗಿಳಿಯುವ ಚಾಳಿ ಶುರುವಾಗಿದ್ದು ಕಳೆದ ಮಳೆಗಾಲದಲ್ಲಿ. ಬೆಳಿಗ್ಗೆ ಒಂಬತ್ತೂವರೆಗೆ ಸೀಟಿನ ಕೆಳಗಿನ ಹಿಡಿ ಎತ್ತಿ, ಮೇಜಿಗೆ ಸರಿಯಾಗಿ ಏರಿಸಿಕೊಂಡು ಕೂರುತ್ತಿದ್ದೆ. ಹತ್ತು ಗಂಟೆಯ ಮೀಟಿಂಗ್ ಮುಗಿಯುವಷ್ಟರಲ್ಲಿ ನಾಲ್ಕು ಇಂಚು ಕೆಳಗೆ. ಧಡಕ್ಕನೆ ಕುಸಿದಿದ್ದರೆ ಗೊತ್ತಾದರೂ ಆಗುತ್ತಿತ್ತು. ಇದು ಸಣ್ಣ ಪಂಕ್ಚರ್ ಆದ ಸ್ಕೂಟರ್ ಟೈರಿನ ಹಾಗೆ, ಸದ್ದಿಲ್ಲದೆ, ನಿಧಾನಕ್ಕೆ. ವಿಡಿಯೊ ಕಾಲ್‌ನಲ್ಲಿ ಮೊದಲು ಭುಜ ಮಾಯವಾಗುತ್ತಿತ್ತು, ಆಮೇಲೆ ಗಲ್ಲ. ಒಂದು ದಿನ ಟೀಮಿನ ಹುಡುಗನೊಬ್ಬ, "ಮೇಡಂ, ನೀವು ಮುಳುಗ್ತಾ ಇದೀರಾ?" ಅಂತ ಕೇಳೇಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನದು ವಾರದಲ್ಲಿ ಎರಡು ದಿನ ಆಫೀಸು, ಮೂರು ದಿನ ಮನೆ. ಮನೆ ಅಂದರೆ ವಿದ್ಯಾರಣ್ಯಪುರದ ಎರಡು ಕೋಣೆಯ ಬಾಡಿಗೆ ಮನೆ. ಊಟದ ಮೇಜೇ ಆಫೀಸಿನ ಮೇಜು. ಕುರ್ಚಿಯನ್ನು ಆನ್‌ಲೈನಲ್ಲಿ 6,800 ರೂಪಾಯಿ ಕೊಟ್ಟು ತರಿಸಿದ್ದೆ. ಕಪ್ಪು ಬಣ್ಣದ್ದು, ಬೆನ್ನಿಗೆ ಜಾಲರಿ, ಕೆಳಗೆ ಐದು ಚಕ್ರ. ಬಂದ ಹೊಸತರಲ್ಲಿ ಓನರ್ ಆಂಟಿ ಕೂಡ ಒಂದು ಸಲ ಕೂತು ಸುತ್ತಿ ನೋಡಿ ಹೋಗಿದ್ದರು.

ಕುರ್ಚಿ ಇಳಿಯತೊಡಗಿದ ಮೇಲೆ ನನ್ನ ಬಲಭುಜ ನೋಯತೊಡಗಿತು. ಸಂಜೆಯಾದರೆ ಕತ್ತಿನಿಂದ ಮೊಣಕೈವರೆಗೆ ಯಾರೋ ಹಗ್ಗ ಬಿಗಿದ ಹಾಗೆ. ಸೀಟಿನ ಮೇಲೆ ದಿಂಬು ಹಾಕಿದೆ. ದಿಂಬು ಅಪ್ಪಚ್ಚಿಯಾಯಿತು. ದಿಂಬಿನ ಮೇಲೆ ಬೆಡ್‌ಶೀಟ್ ಮಡಿಸಿ ಹಾಕಿದೆ. ಅದು ಜಾರುತ್ತಿತ್ತು.

ಇದೇ ಹೊತ್ತಿಗೆ ತಿಪಟೂರಿನಿಂದ ಅಮ್ಮ ಬಂದರು. ನನ್ನ ಕುರ್ಚಿ ನೋಡುವುದಕ್ಕಲ್ಲ, ಅವರ ಬೆನ್ನು ತೋರಿಸುವುದಕ್ಕೆ. ಅಮ್ಮ 27 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಈಗೊಂದು ವರ್ಷದಿಂದ ಸೊಂಟದಿಂದ ಎಡಗಾಲಿನವರೆಗೆ ಸೆಳೆತ. ಅಲ್ಲಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಕಡಿಮೆಯಾಗಿರಲಿಲ್ಲ. ಇಲ್ಲಿ ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ, ಆಪರೇಷನ್ ಬೇಡ, ಒಂದು ತಿಂಗಳು ಫಿಸಿಯೊಥೆರಪಿ ಮಾಡಿಸಿ ಅಂದರು. ಹಾಗಾಗಿ ಅಮ್ಮ ಒಂದು ತಿಂಗಳು ನನ್ನ ಜೊತೆ ಉಳಿಯುವ ಹಾಗಾಯಿತು.

ಫಿಸಿಯೊಥೆರಪಿಸ್ಟ್ ಮೊದಲ ದಿನವೇ ಕೇಳಿದರು: "ಹೊಲಿಯುವಾಗ ಯಾವುದರ ಮೇಲೆ ಕೂರ್ತೀರಾ ಅಮ್ಮ?"

ಅಮ್ಮನಿಗೆ ನಗು ಬಂತು. "ಸ್ಟೂಲ್ ಮೇಲೆ ಕಣಪ್ಪ, ಇನ್ಯಾವುದರ ಮೇಲೆ?"

"ಒರಗೋಕೆ ಏನಾದ್ರೂ ಇದೆಯಾ?"

"ಒರಗಿಕೊಂಡು ಯಾರು ಹೊಲೀತಾರೆ?"

ಅವರು ನಕ್ಕು, ಪಕ್ಕದಲ್ಲಿ ಕತ್ತು ನೀವಿಕೊಳ್ಳುತ್ತಾ ಕೂತಿದ್ದ ನನ್ನ ಕಡೆ ತಿರುಗಿದರು. "ನಿಮ್ಮದೇನು ಕಥೆ?" ನಾನು ಕುರ್ಚಿಯ ಕಥೆ ಹೇಳಿದೆ. ನಾಳೆ ಬರುವಾಗ ಕೆಲಸ ಮಾಡುತ್ತಾ ಕೂತಿರುವ ಫೋಟೊ ತೆಗೆಸಿ ತನ್ನಿ ಅಂದರು. ಅಮ್ಮ ಪಕ್ಕದಿಂದ ಫೋಟೊ ತೆಗೆದರು. ಅದರಲ್ಲಿ ನನ್ನ ಎರಡೂ ಭುಜ ಕಿವಿಯ ಹತ್ತಿರ ಇದ್ದವು. ಸ್ನಾನದ ಮನೆಯಲ್ಲಿ ತಣ್ಣೀರು ಬಿದ್ದವರ ಹಾಗೆ.

ಅವರು ವಿವರಿಸಿದ್ದು ಸರಳವಾಗಿತ್ತು. ಮೇಜು ಅಲುಗುವುದಿಲ್ಲ, ಕುರ್ಚಿ ಇಳಿಯುತ್ತದೆ. ಕುರ್ಚಿ ಇಳಿದಷ್ಟೂ ಕೈಯನ್ನು ಮೇಲೆತ್ತಿ ಟೈಪ್ ಮಾಡಬೇಕು. ಕೈ ಎತ್ತಿ ಹಿಡಿಯುವುದು ಭುಜದ, ಕತ್ತಿನ ಸ್ನಾಯುಗಳು. ಅವು ದಿನಕ್ಕೆ ಎಂಟು ಗಂಟೆ ಆ ಭಾರ ಹೊತ್ತರೆ ನೋಯದೆ ಇನ್ನೇನು ಮಾಡಿಯಾವು? ಮೊಣಕೈ ಮೇಜಿನ ಸಮಕ್ಕೆ ಇರಬೇಕು, ಸುಮಾರು 90 ಡಿಗ್ರಿ ಮಡಚಿರಬೇಕು, ಪಾದ ಪೂರ್ತಿ ಊರಿರಬೇಕು, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು. ಇಷ್ಟು ಹೇಳಿ, "ಮೊದಲು ಕುರ್ಚಿ ರಿಪೇರಿ ಮಾಡಿಸಿ, ಆಮೇಲೆ ನನ್ನ ಹತ್ರ ಬನ್ನಿ" ಅಂದರು.

ರಿಪೇರಿ ಅಂದರೆ ಮೊದಲು ನೆನಪಾಗುವುದು ವಾರಂಟಿ. ಕೊಳ್ಳುವಾಗ ಪುಟದಲ್ಲಿ ದೊಡ್ಡದಾಗಿ "3 ವರ್ಷ ವಾರಂಟಿ" ಎಂದಿತ್ತು. ಬಿಲ್ಲಿನಲ್ಲೂ ಹಾಗೇ ಇತ್ತು. ನಾನು ಕೊಂಡು 14 ತಿಂಗಳಾಗಿತ್ತು. ಕಸ್ಟಮರ್ ಕೇರ್‌ಗೆ ಬರೆದೆ. ಮೊದಲ ಉತ್ತರ: ವಿಡಿಯೊ ಕಳಿಸಿ. ಕಳಿಸಿದೆ. ಕುರ್ಚಿ ಇಳಿಯುವ ಇಪ್ಪತ್ತು ನಿಮಿಷದ ವಿಡಿಯೊ. ಫೈಲ್ ದೊಡ್ಡದಾಯಿತು, ಚಿಕ್ಕದು ಕಳಿಸಿ ಅಂದರು. ಚಿಕ್ಕ ವಿಡಿಯೊದಲ್ಲಿ ಕುರ್ಚಿ ಇಳಿಯುವುದು ಕಾಣುವುದೇ ಇಲ್ಲ! ಕೊನೆಗೆ ಗೋಡೆಗೆ ಅಮ್ಮನ ಟೇಪು ಅಂಟಿಸಿ, ಶುರುವಿಗೊಂದು, ಕೊನೆಗೊಂದು ಫೋಟೊ ತೆಗೆದು ಕಳಿಸಿದೆ.

ಎರಡನೇ ಉತ್ತರ: ಮೂರು ವರ್ಷ ವಾರಂಟಿ ಇರುವುದು ಚೌಕಟ್ಟಿಗೆ ಮಾತ್ರ, ಗ್ಯಾಸ್ ಲಿಫ್ಟ್‌ಗೆ ಒಂದೇ ವರ್ಷ. ಹೊಸ ಕುರ್ಚಿ ಕೊಂಡರೆ ಶೇ. 10 ರಿಯಾಯಿತಿ ಕೊಡುತ್ತೇವೆ.

"ಚೌಕಟ್ಟು ಯಾಕೆ ಕೆಡುತ್ತೆ? ಕಬ್ಬಿಣ ತಾನೇ?" ಅಂದರು ಅಮ್ಮ. "ಬ್ಲೌಸ್ ಬಟ್ಟೆಗೆ ಗ್ಯಾರಂಟಿ, ಹೊಲಿಗೆಗೆ ಇಲ್ಲ ಅಂತ ನಾನು ಹೇಳಿದ್ರೆ ಕಸ್ಟಮರ್ ಬಿಡ್ತಾರಾ?"

ನಾನೂ ಬಿಡಲಿಲ್ಲ. ನಮಗೆ ಇಲ್ಲಿ ಒಂದಷ್ಟು ಹಕ್ಕುಗಳಿವೆ, ಫೋನಿನಲ್ಲೇ ಬಳಸಬಹುದಾದವು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದ ತಾಣಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಸಂಪರ್ಕವನ್ನು ತಾಣದಲ್ಲಿ ಹಾಕಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಚಾಟ್‌ನಲ್ಲಿ ಮಾತಾಡುವ ಹುಡುಗರ ಜೊತೆ ಜಗಳವಾಡುವುದು ಬಿಟ್ಟು ಆ ಅಧಿಕಾರಿಗೆ ಬಿಲ್ಲು, ಫೋಟೊ, ಹಿಂದಿನ ಉತ್ತರಗಳನ್ನೆಲ್ಲ ಸೇರಿಸಿ ಒಂದೇ ಮೇಲ್ ಬರೆದೆ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ಒಂದು ಸಂಖ್ಯೆ ಕೊಡುತ್ತಾರೆ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು, ಆನ್‌ಲೈನಲ್ಲೇ ಸಲ್ಲಿಸಬಹುದು. ಒಂದು ಕುರ್ಚಿಗೆ ಅಷ್ಟು ದೂರ ಹೋಗುವ ಮನಸ್ಸು ನನಗಿರಲಿಲ್ಲ. ಹೋಗಬಹುದು ಅಂತ ಗೊತ್ತಿರುವುದೇ ಮೇಲ್ ಬರೆಯುವಾಗ ಒಂದು ಧೈರ್ಯ.

ಉತ್ತರ ಬರುವವರೆಗೆ ಕೂರಬೇಕಲ್ಲ? ಆ ದಿನಗಳಲ್ಲಿ ನಾನು ಕುರ್ಚಿಯ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದುಕೊಂಡೆ. ಸೀಟಿನ ಕೆಳಗಿನ ಕಂಬದೊಳಗೆ ಒಂದು ಸಿಲಿಂಡರ್. ಅದರಲ್ಲಿ ಒತ್ತಡ ಹಾಕಿ ತುಂಬಿದ ನೈಟ್ರೋಜನ್, ನಡುವೆ ಒಂದು ಪಿಸ್ಟನ್. ಹಿಡಿ ಎತ್ತಿದರೆ ಮೇಲಿನ ಸಣ್ಣ ಗುಂಡಿ ಒತ್ತಿ ಒಳಗಿನ ವಾಲ್ವ್ ತೆರೆಯುತ್ತದೆ. ಗ್ಯಾಸು ಪಿಸ್ಟನ್ನಿನ ಈ ಬದಿಯಿಂದ ಆ ಬದಿಗೆ ಹರಿಯುತ್ತದೆ. ನಾವು ಎದ್ದರೆ ಸೀಟು ಏರುತ್ತದೆ, ಕೂತರೆ ಇಳಿಯುತ್ತದೆ. ಹಿಡಿ ಬಿಟ್ಟರೆ ವಾಲ್ವ್ ಮುಚ್ಚಿ ಸೀಟು ಅಲ್ಲೇ ನಿಲ್ಲುತ್ತದೆ. ಒಳಗಿನ ಸೀಲು ಸವೆದರೆ ಹಿಡಿ ಮುಟ್ಟದಿದ್ದರೂ ಗ್ಯಾಸು ನುಸುಳುತ್ತದೆ. ಆಗ ಕುರ್ಚಿಗೆ ನನ್ನ ಕುರ್ಚಿಯ ಚಾಳಿ.

ಒಂದು ಮಾತು ನೆನಪಿಡಿ. ಈ ಸಿಲಿಂಡರನ್ನು ಬಿಚ್ಚಿ ಸರಿಮಾಡಲು ಆಗುವುದಿಲ್ಲ. ಒಳಗೆ ಒತ್ತಡ ಇರುವುದರಿಂದ ಕೊರೆಯುವುದು, ಕತ್ತರಿಸುವುದು, ಬೆಂಕಿಗೆ ಹಾಕುವುದು ಅಪಾಯ. ಸಿಲಿಂಡರನ್ನೇ ಬದಲಿಸಬೇಕು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಸೀಟನ್ನು ಬೇಕಾದ ಎತ್ತರದಲ್ಲಿ ತಡೆದು ನಿಲ್ಲಿಸಬಹುದು. ಕಂಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಸಿದರೆ, ಒಳಗೆ ಹೋಗಿ ಬರುವ ತೆಳು ಕೊಳವೆ ಕಾಣುತ್ತದೆ. ಅದರ ಸುತ್ತ ಪಿವಿಸಿ ಪೈಪಿನ ತುಂಡು ತೊಡಿಸಿದರೆ ಸೀಟು ಆ ತುಂಡಿನ ಮೇಲೆ ಕೂರುತ್ತದೆ, ಇಳಿಯುವುದಕ್ಕೆ ದಾರಿಯೇ ಇರುವುದಿಲ್ಲ.

ಆದರೆ ತುಂಡು ಎಷ್ಟು ಉದ್ದ ಬೇಕು? ಇಲ್ಲಿ ನಾನು ಯೂಟ್ಯೂಬ್ ತೆರೆದೆ, ಅಮ್ಮ ಟೇಪು ತಂದರು.

"ನಿಂತ್ಕೋ" ಅಂದರು. ಆಮೇಲೆ "ಕೂತ್ಕೋ" ಅಂದರು. ಬ್ಲೌಸಿಗೆ ಅಳತೆ ತೆಗೆಯುವ ಹಾಗೆಯೇ ಒಂದೊಂದೂ ಹೇಳುತ್ತಾ ಬರೆಸಿದರು. ನೆಲದಿಂದ ಮಂಡಿಯ ಹಿಂಭಾಗಕ್ಕೆ 16 ಇಂಚು. ಕೂತ ಜಾಗದಿಂದ ಮಡಚಿದ ಮೊಣಕೈಗೆ 9 ಇಂಚು. ಮೇಜಿನ ಎತ್ತರ 29. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಲೆಕ್ಕ ಹಾಕಿದರು. ಮೇಜಿನಿಂದ ಮೊಣಕೈ ಕಳೆದರೆ 20. ಸೀಟು 20 ಇಂಚಿನಲ್ಲಿ ನಿಲ್ಲಬೇಕು. ಆದರೆ ಕಾಲು 16. "ನಿನ್ನ ಕಾಲು ನಾಲ್ಕು ಇಂಚು ನೇತಾಡುತ್ತೆ ಕಣೇ. ಈ ಕುರ್ಚಿ ಸರಿ ಇದ್ದಾಗಲೂ ನಿನಗೆ ಸರಿ ಇರಲಿಲ್ಲ."

ನಿಜ. ಕುರ್ಚಿ ಹೊಸದಿದ್ದಾಗಲೂ ನಾನು ತುದಿಗಾಲಲ್ಲೇ ಕೂರುತ್ತಿದ್ದೆ. ಎತ್ತರಿಸಿದರೆ ಕಾಲಿಗೆ ನೆಲ ಸಿಗದು, ಇಳಿಸಿದರೆ ಕೈಗೆ ಮೇಜು ಸಿಗದು. ನನ್ನ ಎತ್ತರ ಐದಡಿ ಎರಡಿಂಚು. ಮೇಜು ಮಾಡಿದವರ ಮನಸ್ಸಿನಲ್ಲಿ ಇನ್ಯಾರೋ ಇದ್ದರು.

"ಕುರ್ಚಿನೂ ಬ್ಲೌಸ್ ಇದ್ದ ಹಾಗೆ. ರೆಡಿಮೇಡ್ ತಗೊಂಡ್ರೆ ಕಂಕುಳಲ್ಲಿ ಹಿಡಿಯುತ್ತೆ. ಬಿಚ್ಚಿ ಹೊಲೀಬೇಕು ಅಷ್ಟೆ" ಎಂದ ಅಮ್ಮ, ದೇವರ ಮುಂದಿದ್ದ ಮಣೆ ತಂದು ಮೇಜಿನ ಕೆಳಗಿಟ್ಟರು. ಮಣೆ ಮೂರು ಇಂಚು. ಅದರ ಮೇಲೆ ಹಳೆಯ ಜಮಖಾನ ಮಡಿಸಿ ಹಾಕಿ ನಾಲ್ಕು ಮಾಡಿದರು. ದೇವರ ಮಣೆಗೆ ಕಾಲಿಡೋದಾ ಎಂದು ನಾನು ಹಿಂದೆ ಮುಂದೆ ನೋಡಿದಾಗ, "ದೇವರಿಗೆ ಬೇರೆ ತರೋಣ, ಅವರಿಗೇನು ಭುಜ ನೋಯಲ್ಲ" ಅಂದರು.

ಹಾರ್ಡ್‌ವೇರ್ ಅಂಗಡಿಯವರು ಒಂದೂಕಾಲು ಇಂಚಿನ ಪೈಪನ್ನು ನಾಲ್ಕಿಂಚು ಕತ್ತರಿಸಿ, ಉದ್ದಕ್ಕೆ ಸೀಳಿ ಕೊಟ್ಟರು. ಮೂವತ್ತು ರೂಪಾಯಿ. ಮನೆಗೆ ತಂದು ಸೀಳನ್ನು ಅಗಲಿಸಿ ಕೊಳವೆಗೆ ಸಿಕ್ಕಿಸಿದೆ. ಕೂತೆ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಅಮ್ಮ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದರು. ಕುರ್ಚಿ ಅಲ್ಲೇ ಇತ್ತು.

ಆ ದಿನ ಸಂಜೆ ಅಮ್ಮನನ್ನು ಕೇಳಿದೆ, "ನನ್ನ ಅಳತೆ ತೆಗೆದೆಯಲ್ಲಮ್ಮ, ನಿನ್ನ ಸ್ಟೂಲಿಗೆ ಯಾವತ್ತಾದ್ರೂ ಅಳತೆ ತೆಗೆದಿದ್ದೀಯಾ?"

"ಅದು ಮಿಷಿನ್ ಜೊತೆ ಬಂದದ್ದು. ನಿಮ್ಮಪ್ಪ ಸೆಕೆಂಡ್ ಹ್ಯಾಂಡಲ್ಲಿ ತಂದಾಗ ಫ್ರೀ ಕೊಟ್ಟಿದ್ರು. ನಮಗೆಲ್ಲ ಯಾರು ಕುರ್ಚಿ ಕೊಡ್ತಾರೆ?"

ಇದನ್ನು ಅವರು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಅವರೆಕಾಯಿ ಸುಲಿಯುತ್ತಾ, ಮಳೆ ಬಂತು ಅನ್ನುವ ಹಾಗೆ ಹೇಳಿದರು. ನನಗೆ ಮಾತ್ರ ರಾತ್ರಿಯಿಡೀ ಅದೇ ತಲೆಯಲ್ಲಿ. ಅಮ್ಮ ಒಂದು ಬ್ಲೌಸಿಗೆ ಕೂಲಿ ಹೇಳುವಾಗ ಲೈನಿಂಗ್ ಸೇರಿಸುತ್ತಾರೆ, ದಾರ, ಹುಕ್ಕು ಸೇರಿಸುತ್ತಾರೆ. ಹಬ್ಬದ ಹಿಂದಿನ ದಿನ ಬೇಕೆಂದರೆ ಇಪ್ಪತ್ತು ರೂಪಾಯಿ ಜಾಸ್ತಿ. ಅವರ ಬೆನ್ನು ಆ ಲೆಕ್ಕದೊಳಗೆ ಯಾವತ್ತೂ ಬಂದಿಲ್ಲ. ಕೂರುವ ಜಾಗ ಹೊಲಿಯುವವಳ ಸ್ವಂತ ಖರ್ಚು. ನನ್ನದೂ ಅಷ್ಟೇ ತಾನೇ? ಲ್ಯಾಪ್‌ಟಾಪ್, ಮೌಸ್, ಹೆಡ್‌ಸೆಟ್ ಎಲ್ಲದರ ಮೇಲೂ ಕಂಪನಿಯ ನಂಬರಿನ ಸ್ಟಿಕ್ಕರ್ ಇದೆ. ಅವುಗಳನ್ನೆಲ್ಲ ಇಟ್ಟುಕೊಂಡು ದಿನಕ್ಕೆ ಎಂಟು ಗಂಟೆ ಕೂರುವ ಕುರ್ಚಿಯ ಮೇಲೆ ಇಲ್ಲ.

ಮನೆಯಿಂದ ಕೆಲಸ ಅಂದರೆ ನಮಗೆ ಹೊಸ ಸುದ್ದಿ. ಬೀಡಿ ಕಟ್ಟುವ, ಹೂ ಕಟ್ಟುವ, ಊದುಬತ್ತಿ ಹೊಸೆಯುವ, ಬಟ್ಟೆ ಹೊಲಿಯುವ ಹೆಂಗಸರು ನಾವು ಹುಟ್ಟುವ ಮುಂಚಿನಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಮನೆಯಿಂದ ಹೊರಗೆ ದುಡಿಯುವವರಿಗೂ ಕೂರುವ ಜಾಗ ಸುಲಭವಾಗಿ ಸಿಕ್ಕಿದ್ದಲ್ಲ. ಸೀರೆ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಇರುವ ಹುಡುಗಿಯರನ್ನು ನಾವೆಲ್ಲ ನೋಡಿದ್ದೇವೆ. ಕೇರಳದ ಬಟ್ಟೆ ಅಂಗಡಿಗಳ ಹೆಂಗಸರು ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿನ ಅಂಗಡಿ ಕಾಯಿದೆಗೆ ತಿದ್ದುಪಡಿಯಾಗಿ ಕೆಲಸದವರಿಗೆ ಕೂರುವ ವ್ಯವಸ್ಥೆ ಕಡ್ಡಾಯವಾಯಿತು. ತಮಿಳುನಾಡು 2021ರಲ್ಲಿ ಅಂಥದೇ ತಿದ್ದುಪಡಿ ತಂದಿತು. ಕೂರುವುದಕ್ಕೂ ಕಾನೂನು ಬೇಕಾಯಿತು. ಇದನ್ನು ಅಮ್ಮನಿಗೆ ಓದಿ ಹೇಳಿದಾಗ, "ಒಳ್ಳೆಯದಾಯ್ತು ಬಿಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮನೇಲಿ ಕೂತವರ ಮೇಲೆ ಯಾರು ಕಾನೂನು ಮಾಡ್ತಾರೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ನಮ್ಮ ಎಚ್‌ಆರ್‌ಗೆ ಒಂದು ಮೇಲ್ ಬರೆದೆ. ಜಗಳದ ಮೇಲ್ ಅಲ್ಲ. ಮೂರು ದಿನ ಮನೆಯಿಂದ ಕೆಲಸ ಮಾಡುವವರಿಗೆ ಕುರ್ಚಿಗೆ ಏನಾದರೂ ವ್ಯವಸ್ಥೆ ಇದೆಯೇ ಎಂದು ಕೇಳಿದೆ. ಟೀಮಿನ ಗುಂಪಿನಲ್ಲೂ ಹಾಕಿದೆ. ಅವತ್ತು ನಾನು ಮುಳುಗುತ್ತಿದ್ದೇನೆ ಎಂದು ನಕ್ಕ ಹುಡುಗ ತಾನು ಹಾಸಿಗೆಯ ಮೇಲೆ ಕೂತು ಕೆಲಸ ಮಾಡುವುದು ಎಂದು ಬರೆದ. ಇನ್ನೊಬ್ಬಳದು ಪ್ಲಾಸ್ಟಿಕ್ ಕುರ್ಚಿ, ಮತ್ತೊಬ್ಬರದು ದೀವಾನ. ಐದು ಜನ ಸೇರಿ ಸಹಿ ಹಾಕಿದೆವು. ಸದ್ಯಕ್ಕೆ ನಿಯಮದಲ್ಲಿಲ್ಲ, ಮುಂದಿನ ಬಜೆಟ್‌ನಲ್ಲಿ ನೋಡುತ್ತೇವೆ ಎಂಬ ಉತ್ತರ ಬಂದಿದೆ. ಪ್ರತಿ ತಿಂಗಳ ಮೊದಲ ಸೋಮವಾರ ಅದೇ ಮೇಲ್‌ನ ಕೆಳಗೆ "ಏನಾಯಿತು?" ಎಂದು ಒಂದು ಸಾಲು ಹಾಕುತ್ತಿದ್ದೇನೆ.

ಮಾರಾಟಗಾರರ ಕಡೆಯಿಂದ 19ನೇ ದಿನ ಉತ್ತರ ಬಂತು. "ವಿಶೇಷ ಪ್ರಕರಣವೆಂದು ಪರಿಗಣಿಸಿ" ಹೊಸ ಸಿಲಿಂಡರ್ ಕಳಿಸುತ್ತೇವೆ, ಹಾಕಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ. ಹಾಕಲು ನಮ್ಮ ಏರಿಯಾದ ಚೇರ್ ರಿಪೇರಿಯವರು ಬಂದರು. ಸ್ಕೂಟರಿನ ಮುಂದೆ ಒಂದು ಚೀಲ, ಅದರಲ್ಲಿ ಸುತ್ತಿಗೆ, ಪೈಪ್ ಪಾನಾ. ಕುರ್ಚಿಯನ್ನು ಬೋರಲು ಹಾಕಿ, ಕೆಳಗಿನ ಕ್ಲಿಪ್ ತೆಗೆದು, ಚಕ್ರದ ಕಾಲನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಿದರು. ಮೇಲಿನ ತುದಿಯನ್ನು ಪಾನಾ ಹಾಕಿ ತಿರುಗಿಸಿ ಕಿತ್ತರು. ಸಿಲಿಂಡರಿಗೆ ಒಂದು ಬೋಲ್ಟೂ ಇರಲಿಲ್ಲ! ತುದಿ ಸ್ವಲ್ಪ ಮೊನಚಾಗಿರುತ್ತದೆ, ನಾವು ಕೂತ ಭಾರಕ್ಕೇ ಬಿಗಿಯಾಗುತ್ತದೆ. ಬಹುತೇಕ ಆಫೀಸ್ ಕುರ್ಚಿಗಳದ್ದು ಒಂದೇ ಅಳತೆ, ಕೆಳಗಿನ ಕೊಳವೆ 50 ಮಿ.ಮೀ., ಮೇಲಿನ ತುದಿ 28. ಹಾಗಾಗಿ ಕಂಪನಿಯವರು ಕೊಡದಿದ್ದರೂ ಹೊರಗೆ ಸಿಗುತ್ತದೆ, ಕೊಳ್ಳುವ ಮುಂಚೆ ಅಳೆದುಕೊಂಡರಾಯಿತು.

"ಇದಕ್ಕೆ ಜನ ಕುರ್ಚಿನೇ ಎಸೀತಾರೆ ಮೇಡಂ" ಅಂದರು ಅವರು. ಹದಿನೈದು ನಿಮಿಷದ ಕೆಲಸ, 250 ರೂಪಾಯಿ. ಹಳೆಯ ಸಿಲಿಂಡರನ್ನು ತಾವೇ ಗುಜರಿಗೆ ಒಯ್ದರು. ಹೋಗುವಾಗ ಮೇಜಿನ ಕೆಳಗಿನ ಮಣೆ ನೋಡಿ, "ಇದು ಚೆನ್ನಾಗಿದೆ" ಅಂದಿದ್ದಕ್ಕೆ ಅಮ್ಮನಿಗೆ ಬಹಳ ಖುಷಿಯಾಯಿತು.

ಈಗ ಭುಜದ ನೋವು ಮುಕ್ಕಾಲು ಪಾಲು ಹೋಗಿದೆ. ಕುರ್ಚಿ ಒಂದರಿಂದಲೇ ಅಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತೇನೆ, ಲ್ಯಾಪ್‌ಟಾಪನ್ನು ಎತ್ತರಕ್ಕಿಟ್ಟು ಬೇರೆ ಕೀಬೋರ್ಡ್ ಬಳಸುತ್ತೇನೆ. ಇದನ್ನು ಓದುತ್ತಿರುವ ನೀವೂ ಈಗ ಎಲ್ಲೋ ಕೂತೇ ಇರುತ್ತೀರಿ. ಒಮ್ಮೆ ಕೆಳಗೆ ನೋಡಿ, ಪಾದ ಊರಿದೆಯೇ? ಭುಜ ಎಲ್ಲಿದೆ? ಮನೆಯಲ್ಲಿ ಟೇಪು ಇದ್ದರೆ ಮೂರೇ ಅಳತೆ ಸಾಕು. ಮಂಡಿಯ ಹಿಂಭಾಗ, ಮೊಣಕೈ, ಮೇಜು.

ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ ಅವರದೇ ಟೇಪು ತೆಗೆದುಕೊಂಡು ಅವರ ಅಳತೆ ತೆಗೆದೆ. ಬೇಡ ಬೇಡ ಅಂದರೂ ಬಿಡಲಿಲ್ಲ. ಮಂಡಿ ಹಿಂದಕ್ಕೆ 15, ಮೊಣಕೈಗೆ ಎಂಟೂವರೆ. ಮಿಷಿನ್ನಿನ ಮೇಜು, ಪೆಡಲಿನ ಎತ್ತರವನ್ನು ಅಪ್ಪ ಫೋನಿನಲ್ಲಿ ಹೇಳಿದರು. ಫಿಸಿಯೊಥೆರಪಿಸ್ಟ್ ನೋಡಿ, ಸೀಟಿನ ಎತ್ತರ, ಬೆನ್ನಿನ ಹಲಗೆ ಎಲ್ಲಿ ಬರಬೇಕು ಎಂದು ಗುರುತು ಹಾಕಿಕೊಟ್ಟರು. ಆ ಚೀಟಿಯನ್ನು ವಾಟ್ಸಾಪಿನಲ್ಲಿ ತಿಪಟೂರಿನ ಬಡಗಿಗೆ ಕಳಿಸಿದೆ. ದುಡ್ಡನ್ನೂ. ಅವರು ಹಲಸಿನ ಮರದಲ್ಲಿ ಮಾಡಿಕೊಟ್ಟಿದ್ದಾರೆ. ಕುರ್ಚಿಯೂ ಅಲ್ಲ, ಸ್ಟೂಲೂ ಅಲ್ಲ. ಕೈ ಇಲ್ಲ, ಬೆನ್ನಿದೆ.

ಮೊನ್ನೆ ಫೋನ್ ಮಾಡಿ ಹೇಗಿದೆ ಎಂದು ಕೇಳಿದೆ.

"ಒರಗಿದ್ರೆ ನಿದ್ದೆ ಬರುತ್ತೆ ಕಣೇ, ಬ್ಲೌಸ್ ಬಾಕಿ ಉಳೀತಾ ಇವೆ" ಅಂದರು. ಆಮೇಲೆ ದನಿ ತಗ್ಗಿಸಿ, "ಈ ಸಲ ದೀಪಾವಳಿಗೆ ಒಂದೊಂದು ಬ್ಲೌಸಿಗೂ ಹತ್ತು ರೂಪಾಯಿ ಜಾಸ್ತಿ ಮಾಡಿದೀನಿ. ಯಾಕೆ ಅಂತ ಕೇಳಿದ್ರು. ಬೆನ್ನಿಗೆ ಅಂದೆ."